ಆನ್‌ಲೈನ್ ಬಿಸಿನೆಸ್‌ನಲ್ಲಿ ಗೆದ್ದವರು ಶುರುವಿನಲ್ಲಿ ಏನು ಮಾಡಿದರು?

ವೆಬ್‌ಸೈಟ್ ಇನ್ನೇನು ರೆಡಿ ಆಗುತ್ತದೆ, ಜಾಹೀರಾತಿಗೂ ದುಡ್ಡು ಎತ್ತಿಟ್ಟಿದ್ದೇನೆ, ಗೆದ್ದವರು ಇಲ್ಲಿಂದ ಮುಂದೆ ಹೇಗೆ ಬೆಳೆದರು ಅಂತ ಕೇಳಿದ್ದೀರಿ. ನಾನು ಏಳು ವರ್ಷದಿಂದ ನೋಟ್‌ಬುಕ್, ಡೈರಿ ಇಂಥವನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ದೊಡ್ಡ ಕುಳ ಏನಲ್ಲ, ಆದರೆ ಮನೆ ಇದರಲ್ಲೇ ನಡೆಯುತ್ತಿದೆ. ನನ್ನ ಸಲಹೆ: ಆ ಜಾಹೀರಾತಿನ ದುಡ್ಡನ್ನು ಸದ್ಯಕ್ಕೆ ಮುಟ್ಟಬೇಡಿ.

ಜ್ಯಾಪೋಸ್ ಅನ್ನುವ ಅಮೆರಿಕದ ಶೂ ಕಂಪನಿಯ ಕಥೆ ಕೇಳಿದ್ದೀರಾ? 1999ರಲ್ಲಿ ನಿಕ್ ಸ್ವಿನ್‌ಮರ್ನ್ ಆನ್‌ಲೈನ್‌ನಲ್ಲಿ ಶೂ ಮಾರಲು ಹೊರಟಾಗ ಕೈಯಲ್ಲಿ ಸ್ಟಾಕೇ ಇರಲಿಲ್ಲ. ಶೂ ಅಂಗಡಿಗಳಿಗೆ ಹೋಗಿ ಫೋಟೊ ತೆಗೆದು ಸೈಟಿಗೆ ಹಾಕಿದ. ಆರ್ಡರ್ ಬಂದರೆ ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡು ಕಳಿಸುತ್ತಿದ್ದ. ಅದರಲ್ಲಿ ಲಾಭ ಎಲ್ಲಿಂದ ಬರಬೇಕು? ಆದರೆ ಕಾಲಿಗೆ ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರಾ ಅನ್ನುವ ಪ್ರಶ್ನೆಗೆ ಅವನಿಗೆ ಉತ್ತರ ಸಿಕ್ಕಿತು. ಹತ್ತು ವರ್ಷದ ನಂತರ, 2009ರಲ್ಲಿ, ಅಮೆಜಾನ್ ಆ ಕಂಪನಿಯನ್ನು ಕೊಂಡಿತು.

ಇದಕ್ಕೆ ತದ್ವಿರುದ್ಧ ವೆಬ್‌ವ್ಯಾನ್. ದಿನಸಿಯನ್ನು ಮನೆಗೆ ತಲುಪಿಸುವ ಕಂಪನಿ. ಒಂದೊಂದು ಆರ್ಡರ್‌ನಲ್ಲಿ ದುಡ್ಡು ಉಳಿಯುತ್ತದೋ ಇಲ್ಲವೋ ಖಾತ್ರಿಯಾಗುವ ಮೊದಲೇ ಭಾರೀ ಗೋದಾಮುಗಳನ್ನು ಕಟ್ಟಲು ಹೊರಟರು. ಕೂಸು ಹುಟ್ಟುವ ಮುನ್ನ ಕುಲಾವಿ ಅಂತಾರಲ್ಲ, ಹಾಗೆ. 2001ರಲ್ಲಿ ದಿವಾಳಿ.

ನಾನೂ ಕುಲಾವಿ ಹೊಲಿದವನೇ. ನಾಲ್ಕು ತಿಂಗಳು ಲೋಗೊ, ಬಣ್ಣ, ಫಾಂಟ್ ಅಂತ ಕಳೆದೆ. ಸೈಟ್ ಶುರುವಾದ ವಾರ ಮೂರು ಆರ್ಡರ್ ಬಂತು, ಅದರಲ್ಲಿ ಎರಡು ನೆಂಟರದ್ದು. ಗಾಬರಿಯಾಗಿ ಜಾಹೀರಾತಿಗೆ ದುಡ್ಡು ಸುರಿದೆ. ಆರ್ಡರ್ ದಿನದಿನಕ್ಕೂ ಏರಿತು. ಎರಡು ತಿಂಗಳು ಎಷ್ಟು ಖುಷಿಯಲ್ಲಿದ್ದೆ ಅಂತೀರಿ! ಆಮೇಲೆ ಬ್ಯಾಂಕ್ ಖಾತೆ ನೋಡಿದೆ.

ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು. ಒಂದು ಡೈರಿಯ ಬೆಲೆಯನ್ನು 100 ಪಾಲು ಅಂದುಕೊಳ್ಳಿ. ತಯಾರಿಕೆಗೆ 45, ಪ್ಯಾಕಿಂಗ್ ಮತ್ತು ಕೊರಿಯರ್‌ಗೆ 12, ಪೇಮೆಂಟ್ ಗೇಟ್‌ವೇಗೆ (ಗ್ರಾಹಕರಿಂದ ಆನ್‌ಲೈನ್‌ನಲ್ಲಿ ಹಣ ಪಡೆದು ಕೊಡುವ ಸೇವೆ) 3, ವಾಪಸ್ ಬಂದ ಮಾಲಿನ ನಷ್ಟಕ್ಕೆ 5. ಉಳಿದಿದ್ದು 35. ಆದರೆ ಒಬ್ಬ ಹೊಸ ಗ್ರಾಹಕನನ್ನು ಕರೆತರಲು ಜಾಹೀರಾತಿಗೇ 40 ಹೋಗುತ್ತಿತ್ತು! ಅಂದರೆ ಆರ್ಡರ್ ಜಾಸ್ತಿ ಆದಷ್ಟೂ ನಷ್ಟ ಜಾಸ್ತಿ. ವ್ಯಾಪಾರ ಮಾಡುವವರೇ ಇಷ್ಟು ಸರಳ ಕೂಡುವ ಕಳೆಯುವ ಲೆಕ್ಕ ಹಾಕಿರುವುದಿಲ್ಲ ಅಂದರೆ ನಂಬುತ್ತೀರಾ? ನಾನಂತೂ ಹಾಕಿರಲಿಲ್ಲ.

ಜಾಹೀರಾತು ನಿಲ್ಲಿಸಿದೆ. ಆಗಲೇ ಕೊಂಡಿದ್ದ 40 ಜನರಿಗೆ ನಾನೇ ಫೋನ್ ಮಾಡಿದೆ. ಮೊದಲ ಐದಾರು ಕರೆ ಬಹಳ ಮುಜುಗರ ಆಯಿತು. ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಿದ್ದರು. "ಇನ್ನೊಂದು ಕೊಳ್ಳುತ್ತೀರಾ?" ಅಂತ ಕೇಳಲು ಶುರು ಮಾಡಿದ ಮೇಲೆ ನಿಜ ಹೊರಬಿತ್ತು. ಇಂಕು ಹಾಳೆಯ ಹಿಂಬದಿಗೆ ಇಳಿಯುತ್ತದಂತೆ. ನಾನು ರಟ್ಟಿನ ಬಣ್ಣ ಆರಿಸುತ್ತಾ ಕೂತಿದ್ದೆ, ಅವರ ತೊಂದರೆ ಇದ್ದದ್ದು ಹಾಳೆಯಲ್ಲಿ. ದಪ್ಪ ಹಾಳೆಗೆ ಬದಲಾಯಿಸಿ, ಆ 40 ಜನರಿಗೆ ಒಂದೊಂದು ಪುಸ್ತಕ ಪುಕ್ಕಟೆ ಕಳಿಸಿದೆ. ಮುಂದಿನ ವರ್ಷ ಹದಿನೇಳು ಜನ ತಾವಾಗಿಯೇ ಮತ್ತೆ ಕೊಂಡರು. ಅವರನ್ನು ಕರೆತರಲು ಆ 40 ಪಾಲು ಖರ್ಚು ಮಾಡಬೇಕಾಗಿರಲಿಲ್ಲ, ಅಲ್ವಾ? ನನ್ನ ಲಾಭ ಹುಟ್ಟಿದ್ದೇ ಆ ಎರಡನೇ ಆರ್ಡರ್‌ನಲ್ಲಿ. ಬೆಳವಣಿಗೆ ಅಂದರೆ ದಿನಾ ಹೊಸಬರನ್ನು ಹುಡುಕುವುದು ಅಂತ ನೀವು ಅಂದುಕೊಂಡಿದ್ದರೆ, ನನಗೆ ಹಾಗೆ ಅನಿಸುವುದಿಲ್ಲ.

ಇನ್ನೊಂದು ಮಾತು. ಕೊಂಡವರ ಇಮೇಲ್ ವಿಳಾಸವನ್ನು, ಅವರ ಒಪ್ಪಿಗೆ ಪಡೆದು, ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಒಂದು ಸೋಷಿಯಲ್ ಮೀಡಿಯಾ ಪುಟವನ್ನೇ ನಂಬಿಕೊಂಡು ಕೂತಿದ್ದೆ. ಒಂದು ದಿನ ನನ್ನ ಪೋಸ್ಟ್‌ಗಳು ಜನರಿಗೆ ಕಾಣುವುದೇ ನಿಂತಿತು. ಯಾಕೆ ಅಂತ ಇವತ್ತಿಗೂ ಯಾರೂ ಹೇಳಿಲ್ಲ.

ಈಗ ನೀವು ಮೊದಲು ಹತ್ತು ಅಪರಿಚಿತರಿಗೆ ಮಾರಿ. ನೆಂಟರು, ಗೆಳೆಯರು ಲೆಕ್ಕಕ್ಕಿಲ್ಲ. ನಿಮ್ಮ ವಸ್ತು ಯಾವುದು ಅಂತ ಬರೆದಿಲ್ಲ ನೀವು. ಅದರ 100 ಪಾಲಿನಲ್ಲಿ ಎಷ್ಟೆಷ್ಟು ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಬರೆದು ಹಾಕಿ, ನಾನೂ ನೋಡುತ್ತೇನೆ.