ಗದರಿಸಿದರೆ ಹುಡುಗ ದಾರಿಗೆ ಬರುತ್ತಾನಾ?

ದಾರಿ ತಪ್ಪುತ್ತಿರುವ ಹದಿಹರೆಯದ ಮಕ್ಕಳನ್ನೂ ಅವರ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ನಾರ್ವೆಯ ಪೊಲೀಸರು ಮಾತಾಡುತ್ತಾರೆ ಅಂತ ನಾವು ಬರೆದದ್ದು ನಿಮಗೆ ಹಿಡಿಸಿಲ್ಲ. 'ಪೊಲೀಸರ ಕೆಲಸ ಹಿಡಿಯೋದು, ಹರಟೋದಲ್ಲ. ಒಂದು ಸಲ ಸರಿಯಾಗಿ ಗದರಿಸಿ ಕಳಿಸಿದರೆ ಹುಡುಗ ಮತ್ತೆ ಆ ಕಡೆ ತಲೆ ಹಾಕಲ್ಲ' ಅಂದಿದ್ದೀರಿ. ಇಂಥ ಕರೆ ಬಂದರೆ ಹೆತ್ತವರು ಹೋಗಲೇಬೇಕಾ ಅಂತಲೂ ಕೇಳಿದ್ದೀರಿ.

ಗದರಿಸುವುದನ್ನು ಮಾಡಿ ನೋಡಿ ಆಗಿದೆ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಡುಗರನ್ನು ರಾಹ್ವೇ ಜೈಲಿಗೆ ಕರೆದೊಯ್ಯುತ್ತಿದ್ದರು. ಜೀವಾವಧಿ ಕೈದಿಗಳು ಅವರ ಮೇಲೆ ಕಿರುಚಾಡಿ, ಜೈಲಿನ ನರಕ ಹೇಗಿರುತ್ತದೆ ಅಂತ ಹೇಳುತ್ತಿದ್ದರು. ಟಿವಿಯಲ್ಲಿ ನೋಡಿದವರು ಭೇಷ್ ಅಂದರು. ಬೇರೆ ಕಡೆಯೂ ಇದನ್ನೇ ಶುರು ಮಾಡಿದರು. ಆಮೇಲೆ ಸಂಶೋಧಕ ಆಂಥೋನಿ ಪೆಟ್ರೊಸಿನೊ ಮತ್ತು ಸಂಗಡಿಗರು ಇಂಥ 9 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೆದರಿಸಿ ಕಳಿಸಿದ ಹುಡುಗರೇ, ಜೈಲಿನ ಕಡೆ ಹೋಗದವರಿಗಿಂತ ಜಾಸ್ತಿ ತಪ್ಪು ಮಾಡಿದ್ದರು. ಸುಮ್ನೆ ಬಿಟ್ಟಿದ್ದರೇ ವಾಸಿಯಿತ್ತು! ಆ ವಯಸ್ಸಿನಲ್ಲಿ ಗೆಳೆಯರ ಮುಂದೆ ಹೆದರಿದ ಮುಖ ತೋರಿಸಲು ಯಾರಿಗೂ ಇಷ್ಟವಿಲ್ಲ, ಅಲ್ವಾ?

ನಾರ್ವೆಯಲ್ಲಿ ಈ ಮಾತುಕತೆ ರೂಪ ಪಡೆದದ್ದು 1990ರ ದಶಕದಲ್ಲಿ, ನವನಾಜಿ ಗುಂಪುಗಳತ್ತ ವಾಲುತ್ತಿದ್ದ ಹುಡುಗರಿಂದಾಗಿ. ಈಗ ಕಳ್ಳತನ, ಹೊಡೆದಾಟ, ಗಾಂಜಾ ಎಲ್ಲಕ್ಕೂ ಬಳಸುತ್ತಾರೆ. ಅಲ್ಲಿ 15 ತುಂಬದವರಿಗೆ ಶಿಕ್ಷೆಯೇ ಇಲ್ಲ. ಹಾಗಾಗಿ ಪೊಲೀಸರ ಕೈಯಲ್ಲಿ ಉಳಿಯುವುದು ಹೆಚ್ಚಾಗಿ ಮಾತೇ.

ಆ ಕೋಣೆಯನ್ನು ಒಂದು ಸಲ ಊಹಿಸಿಕೊಳ್ಳಿ. 'ಶುಕ್ರವಾರ ರಾತ್ರಿ ಯಾರ ಜೊತೆ ಇರುತ್ತೀಯ?' ಅಂತ ಅಧಿಕಾರಿ ಕೇಳುತ್ತಾರೆ. ಹುಡುಗ ಬಾಯಿ ಬಿಡುವ ಮೊದಲೇ ಅಮ್ಮ 'ಮನೆಯಲ್ಲೇ ಇರುತ್ತಾನೆ' ಅನ್ನುತ್ತಾರೆ. ಹುಡುಗ ಅಪ್ಪನ ಮುಖ ನೋಡುತ್ತಾನೆ. ಅಪ್ಪ ನೆಲ ನೋಡುತ್ತಾರೆ. ಮನೆಯಲ್ಲಿ ಯಾರು ಯಾರಿಂದ ಏನು ಮುಚ್ಚಿಟ್ಟಿದ್ದಾರೆ ಅನ್ನುವುದು ಅಲ್ಲಿಗೆ ಗೊತ್ತಾಯಿತು. ಕೆಲಸ ಬಲ್ಲ ಅಧಿಕಾರಿ ಆಗ ಉಪದೇಶಕ್ಕೆ ಇಳಿಯುವುದಿಲ್ಲ. ಅಮ್ಮನನ್ನು ಮೆಲ್ಲಗೆ ತಡೆದು, ಹುಡುಗ ಮಾತಾಡಲಿ ಅಂತ ಕಾಯುತ್ತಾರೆ. ಶಾಲೆ, ಗೆಳೆಯರು, ಕುಡಿತ, ಮುಂದೇನು ಮಾಡಬೇಕು ಅಂದುಕೊಂಡಿದ್ದಾನೆ, ಹೀಗೆ ಒಂದೊಂದೇ ಹೊರಬರುತ್ತದೆ. ಬೈದು ಕಳಿಸಿದ್ದರೆ ಇದರಲ್ಲಿ ಒಂದೂ ತಿಳಿಯುತ್ತಿರಲಿಲ್ಲ.

ಇದರಿಂದ ಎಲ್ಲ ಹುಡುಗರೂ ಸರಿಹೋಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ನನ್ನ ಅನುಮಾನ ಇರುವುದು ಬೇರೆ ಕಡೆ. ಎದುರಿಗೆ ಕೂತವರು ಎಷ್ಟೇ ನಯವಾಗಿ ಮಾತಾಡಲಿ, ಅವರು ಪೊಲೀಸರು. ಮಾತುಕತೆ ಅಂತ ಕರೆದು ತಪ್ಪು ಒಪ್ಪಿಸಿಕೊಳ್ಳುವುದು ಬಹಳ ಸುಲಭ. ನಾರ್ವೆಯ ಪೊಲೀಸ್ ಕಾಯ್ದೆಯ 13ನೇ ಕಲಂ ಇಲ್ಲಿ ಒಂದು ಗೆರೆ ಎಳೆದಿದೆ. 18ರೊಳಗಿನವರು ಅಪರಾಧ ಮಾಡಿದ್ದಾರೆ ಅಂತ ನಂಬಲು ಕಾರಣವಿದ್ದರೆ ಅವರನ್ನೂ ಹೆತ್ತವರನ್ನೂ ಬರಲೇಬೇಕು ಅಂತ ಕರೆಸಬಹುದು. ಬರಬೇಕು, ಅಷ್ಟೇ. ಉತ್ತರ ಕೊಡಲೇಬೇಕು ಅಂತಿಲ್ಲ. ಹುಡುಗ ದಾರಿ ತಪ್ಪುತ್ತಾನೇನೋ ಅನ್ನುವ ಬರೀ ಆತಂಕ ಪೊಲೀಸರಿಗೆ ಇದ್ದರೆ ಹೋಗುವುದೂ ಬಿಡುವುದೂ ಅವರಿಗೆ ಬಿಟ್ಟದ್ದು.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಹೋಗಲೇಬೇಕಾ ಅನ್ನುವುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಆದರೆ ಎಲ್ಲೇ ಆಗಲಿ, ಕೂರುವ ಮೊದಲು ಕೇಳಿ: ಇದು ಮಾತುಕತೆಯಾ, ವಿಚಾರಣೆಯಾ? ಏನೇನು ಬರೆದುಕೊಳ್ಳುತ್ತೀರಿ, ಅದು ಯಾರ ಹತ್ತಿರ ಎಷ್ಟು ಕಾಲ ಇರುತ್ತದೆ? ವಿಚಾರಣೆ ಅಂದರೆ ಮೊದಲು ವಕೀಲರನ್ನು ಕಾಣಿ. ಮಾತುಕತೆ ಅಂದರೆ ಧೈರ್ಯವಾಗಿ ಹೋಗಿ. ಆದರೆ ಮಗನನ್ನು ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಡಬೇಡಿ.

- ಸಂ.