ರೈಲು ಹತ್ತು, ಬುತ್ತಿ ಕಟ್ಟು

ಪ್ರಶ್ನೆ: ನಾನು ಉಡುಪಿಯ ಕಡಿಯಾಳಿಯವಳು, ಜರ್ಮನಿಯ ಆಹೆನ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಭಾನುವಾರ ಅಂಗಡಿಗಳೆಲ್ಲ ಬಂದ್, ಕೋಣೆಯಲ್ಲಿ ಕೂತರೆ ಅಳುವೇ ಬರುತ್ತದೆ. ಗೆಳತಿಯರು ತಿರುಗಾಟಕ್ಕೆ ಕರೆಯುತ್ತಾರೆ. ಅಪ್ಪ ಸಾಲ ಮಾಡಿ ಕಳಿಸಿರುವಾಗ ಸುತ್ತುವುದು ತಪ್ಪಲ್ಲವೇ ಅಕ್ಕಾ?

ಉತ್ತರ: ತಪ್ಪೆಂಥದು ಮಾರಾಯ್ತಿ! ಧಾರವಾಡದಲ್ಲಿ ಓದುವಾಗ ನಾನು ಶನಿವಾರ ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆ, ಉಡುಪಿ ಬೋರ್ಡಿನ ಬಸ್ಸು ನೋಡಲಿಕ್ಕೆ. ಹತ್ತುತ್ತಿರಲಿಲ್ಲ, ನೋಡಿ ಅತ್ತು ಬರುತ್ತಿದ್ದೆ. ನೀನು ಹತ್ತು.

ನಿನ್ನ ಸೆಮಿಸ್ಟರ್ ಫೀಸಿನಲ್ಲೇ ಟಿಕೆಟ್ ಸೇರಿದೆಯೇ ನೋಡು. ಜರ್ಮನಿಯಿಡೀ ನಡೆಯುವ ಸೆಮಿಸ್ಟರ್ ಟಿಕೆಟ್ ಆದರೆ ಲೋಕಲ್ ರೈಲು, ಬಸ್ಸಿಗೆ ಬೇರೆ ದುಡ್ಡು ಬೇಡ. ಐಸಿಇಯಂಥ ವೇಗದ ರೈಲಿಗೆ ಮಾತ್ರ ಅದು ನಡೆಯದು. ಕಲೋನ್‌ಗೆ ಸುಮಾರು ಒಂದು ಗಂಟೆ. ರೈನ್ ನದಿಯ ದಂಡೆಯಲ್ಲಿ ಕೂತು ಮೊಸರನ್ನ, ಮಿಡಿ ಉಪ್ಪಿನಕಾಯಿ ತಿನ್ನು. ಸ್ಟೇಷನ್ನಿನ ಸ್ಯಾಂಡ್‌ವಿಚ್ಚಿಗೆ ಅಪ್ಪನ ದುಡ್ಡು ಸುರಿಯಬೇಡ. ಅಲ್ಲಿ ಮಲ್ಪೆಯನ್ನು ಹುಡುಕಲೂ ಬೇಡ, ಸಿಗುವುದಿಲ್ಲ.

ಇನ್ನು ಫೋನು. ಅಕ್ಟೋಬರ್ ಕೊನೆಯ ಭಾನುವಾರದಿಂದ ನಮಗೂ ನಿಮಗೂ 4.5 ಗಂಟೆ ಅಂತರ. ನಿನ್ನ ಸಂಜೆ 7 ಎಂದರೆ ಅಮ್ಮನಿಗೆ ರಾತ್ರಿ 11.30. ಬೆಳಿಗ್ಗೆ ರೈಲಿನಿಂದಲೇ ಮಾಡು, ಕಿಟಕಿಯಾಚೆಗಿನದನ್ನು ತೋರಿಸು.