ದೊಡ್ಡಪ್ಪನ ನೋಟ್‌ಬುಕ್ ಯಾರದು?

ಪ್ರಶ್ನೆ: ಕಾರ್ತೀಕದಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಮಕ್ಕಳಿಲ್ಲ, ವಿಲ್ ಬರೆದಿಲ್ಲ. ಮೊನ್ನೆ ಅಟ್ಟ ಹತ್ತಿದಾಗ, ಅವರೇ ತುಂಬಿಸಿದ್ದ ಕಾಯಿ ರಾಶಿಯ ಪಕ್ಕ ಒಂದು ನೋಟ್‌ಬುಕ್ ಸಿಕ್ಕಿತು. ನೆಂಟರಿಗೆ ಕೊಟ್ಟ ಕೈಸಾಲದ ಲೆಕ್ಕ. ಕೂಡಿದರೆ 4 ಲಕ್ಷದ ಮೇಲಿದೆ. ಯಾರ ಹತ್ತಿರವೂ ಬಡ್ಡಿ ತಗೊಂಡಿಲ್ಲ. ‘ಅತ್ತೆ ಮನೆ, 15,000. ಹುಡುಗನ ಡಿಪ್ಲೊಮಾ ಫೀಸು. ಯುಗಾದಿಗೆ ಹೋಗಿ ಮಾತಾಡಿಸಬೇಕು’ ಅಂತ ಒಂದು ಕಡೆ ಬರೆದಿದ್ದಾರೆ. ಎಲ್ಲ ಹೆಸರಿನ ಮುಂದೆಯೂ ಇಂಥದೇ ಒಂದು ಮಾತಿದೆ. ತಮ್ಮ ವಸೂಲಿ ಮಾಡೋಣ ಅನ್ನುತ್ತಾನೆ. ದೊಡ್ಡಮ್ಮ ಒಲೆಗೆ ಹಾಕು ಅನ್ನುತ್ತಾರೆ. ನಾನೇನು ಮಾಡಲಿ?
– ಒಬ್ಬ ಓದುಗ, ತಿಪಟೂರು ತಾಲ್ಲೂಕು

ಉತ್ತರ: ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವಳು ನಾನು. ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ.

ದೊಡ್ಡಪ್ಪನ ತಾಯಿ ಈಗಿಲ್ಲ ಎಂದುಕೊಂಡಿದ್ದೇನೆ. ಹಾಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಂತ ದುಡ್ಡು, ಬರಬೇಕಾದ ಬಾಕಿ ಎಲ್ಲ ದೊಡ್ಡಮ್ಮನದು. ನಿಮ್ಮ ತಮ್ಮನಿಗೆ ಅದರಲ್ಲಿ ಕೈ ಹಾಕುವ ಹಕ್ಕಿಲ್ಲ. ಇನ್ನು ದೊಡ್ಡಮ್ಮನೇ ದಾವೆ ಹೂಡಿದರೂ ಉತ್ತರಾಧಿಕಾರ ಪ್ರಮಾಣಪತ್ರ ಬೇಕು. ವಾಯಿದೆ ಹೇಳದೆ ಕೊಟ್ಟ ಕೈಸಾಲಕ್ಕೆ, ಮಧ್ಯೆ ಸಾಲ ಪಡೆದವರು ಬಾಕಿ ಒಪ್ಪಿ ಸಹಿ ಹಾಕಿದ ಕಾಗದ ಇಲ್ಲದಿದ್ದರೆ, ಕೊಟ್ಟ ದಿನದಿಂದ 3 ವರ್ಷ ಮಾತ್ರ ಅವಕಾಶ. ಬರೀ ನೋಟ್‌ಬುಕ್ ತೋರಿಸಿದರೆ ಸಾಲದು, ಬೇರೆ ಸಾಕ್ಷಿಯೂ ಬೇಕು. ತಮ್ಮನ ಉತ್ಸಾಹ ಇಲ್ಲಿಗೆ ಇಳಿದಿರಬೇಕು, ಅಲ್ವಾ?

ಆದರೆ ಒಲೆಗೂ ಹಾಕಬೇಡಿ. ಕೊನೆಯ ಹಾಳೆಗಳನ್ನು ತಿರುವಿ ನೋಡಿ. ದೊಡ್ಡಪ್ಪ ಯಾರಿಗಾದರೂ ಕೊಡಬೇಕಿತ್ತಾ? ಕಾಯಿ ಕಿತ್ತವರ ಕೂಲಿ, ಗೊಬ್ಬರದ ಅಂಗಡಿ ಬಾಕಿ? ಅದನ್ನು ಅವರು ಬಿಟ್ಟುಹೋದ ಆಸ್ತಿಯಿಂದ ತೀರಿಸಲೇಬೇಕು. ಅಟ್ಟದ ಕಾಯಿ ಒಣಗಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಹಿಡಿಯುತ್ತದೆ, ನಿಮಗೆ ಗೊತ್ತಿರುವುದೇ. ಕೂಲಿಯವರನ್ನು ಅಲ್ಲಿವರೆಗೆ ಕಾಯಿಸಬೇಡಿ.

ಇನ್ನೊಂದು ಮಾತು. ನಾಳೆ ಯಾರಾದರೂ ತಾವಾಗೇ ದುಡ್ಡು ತಂದುಕೊಟ್ಟರೆ, ‘ಅಯ್ಯೋ ಬೇಡ’ ಅನ್ನಬೇಡಿ ಎಂದು ದೊಡ್ಡಮ್ಮನಿಗೆ ಹೇಳಿ. ಗುಬ್ಬಿ ಕಡೆಯ ನನ್ನ ಸೋದರಮಾವ ಟೈಪಿಂಗ್ ಕ್ಲಾಸಿಗೆಂದು ನನಗೆ 300 ರೂಪಾಯಿ ಕೊಟ್ಟಿದ್ದ. ಒಂದು ದಿನವೂ ಕೇಳಲಿಲ್ಲ. ಅವನು ಕೇಳದಷ್ಟೂ ನನಗೆ ಸಂಕಟ ಜಾಸ್ತಿಯಾಗುತ್ತಿತ್ತು. ಅವನ ಮನೆಯಲ್ಲಿ ತಲೆ ತಗ್ಗಿಸಿಕೊಂಡು ಬೇಗ ಬೇಗ ಉಂಡು ಏಳುತ್ತಿದ್ದೆ. ಕೆಲಸ ಸಿಕ್ಕಿದ ಮೇಲೆ ದುಡ್ಡು ತಗೊಂಡು ಹೋದೆ. ಮಾವ ಬೇಡ ಅನ್ನಲಿಲ್ಲ. ಎಂಜಲು ಹಚ್ಚಿ ಎಣಿಸಿ ಬನಿಯನ್ ಜೇಬಿಗೆ ಇಟ್ಟುಕೊಂಡ. ಅವತ್ತು ಅವರೆಕಾಳು ಸಾರು. ಮೊದಲನೇ ಸಲ ಆ ಮನೆಯಲ್ಲಿ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡೆ.

ಆದ್ದರಿಂದ ಬಂದದ್ದನ್ನು ದೊಡ್ಡಮ್ಮ ತಗೊಳ್ಳಲಿ. ಆ ಹೆಸರಿನ ಮುಂದೆ ‘ಬಂತು’ ಎಂದು ಬರೆಯಲಿ. ಬರದವರ ಸುದ್ದಿಗೆ ಹೋಗಬೇಡಿ. ನೆಂಟರ ನಡುವೆ ಪುಸ್ತಕ ಓಡಾಡುವುದೂ ಬೇಡ. ಯಾರ ಕಷ್ಟ ಏನಿತ್ತು ಎಂದು ದೊಡ್ಡಪ್ಪ ಬದುಕಿದ್ದಾಗ ಬಾಯಿ ಬಿಟ್ಟಿರಲಿಲ್ಲವಲ್ಲ.

ಯುಗಾದಿಗೆ ಆ ಅತ್ತೆ ಮನೆಗೆ ನೀವೇ ಹೋಗಿ ಬನ್ನಿ. ನೋಟ್‌ಬುಕ್ ಅಟ್ಟದ ಮೇಲೇ ಇರಲಿ. ಹುಡುಗನ ಡಿಪ್ಲೊಮಾ ಮುಗಿಯಿತಾ ಕೇಳಿ.